ಮಾತ್ರೆ, ವಂಕಿ ಮತ್ತು ಚೊಕ್ಕ ಉಗುರುಗಳು

ಫೆಬ್ರವರಿ ೯, ಸೋಮವಾರ

ಇವತ್ತು ಇಬ್ಬರೂ ಅರ್ಧ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಕಳೆದ ತಿಂಗಳು ಕಾಂಡೋಮ್ ಹರಿದುಹೋಗಿ, ಮುಟ್ಟು ಬರುವ ತನಕ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿದ್ದೆ. ಪುಟ್ಟಿ ಹುಟ್ಟಿದಾಗ ರಕ್ತ ನಿಲ್ಲಲೇ ಇಲ್ಲ. ಗರ್ಭಕೋಶ ತೆಗೆಯಬೇಕಾಗಬಹುದು ಎಂದು ಹೊರಗೆ ಕೂತಿದ್ದ ಇವರಿಂದ ಸಹಿ ಕೂಡ ಹಾಕಿಸಿಕೊಂಡಿದ್ದರು. ಹೇಗೋ ಉಳಿದುಕೊಂಡೆ. ಇನ್ನೊಂದು ಬಸುರು ಬೇಡವೇ ಬೇಡ ಎಂದು ಆಗ ಇದೇ ಡಾಕ್ಟರಮ್ಮ ಹೇಳಿದ್ದರು.

ಇವತ್ತು ಒಂದೊಂದನ್ನೇ ಮೇಜಿನ ಮೇಲಿಟ್ಟು ತೋರಿಸಿದರು. ದಿನವೂ ನುಂಗುವ ಮಾತ್ರೆ, ಆಗಾಗ ಚುಚ್ಚಿಸಿಕೊಳ್ಳುವ ಇಂಜೆಕ್ಷನ್, ಒಳಗೆ ಇಡುವ ವಂಕಿ. ಅದಕ್ಕೀಗ ಕಾಪರ್-ಟಿ ಎನ್ನುತ್ತಾರೆ. ನನಗೆ ಆಪರೇಷನ್. ಕೊನೆಗೆ, "ಇವರಿಗೆ ಮಾಡೋದು ಎಲ್ಲಕ್ಕಿಂತ ಸುಲಭ. ಸಣ್ಣ ಕೆಲಸ, ಅವತ್ತೇ ಮನೆಗೆ ಹೋಗಬಹುದು" ಎಂದು ಇವರ ಕಡೆ ಕೈ ತೋರಿಸಿದರು.

ಇವರು ತಲೆ ಎತ್ತಿ ಫ್ಯಾನು ನೋಡುತ್ತಿದ್ದರು. "ಬೇರಿಂಗ್ ಹೋಗಿದೆ ಮೇಡಂ, ಬೇಗ ಬದಲಾಯಿಸಿ" ಎಂದರು.

ಲಿಫ್ಟ್ ಮೆಕ್ಯಾನಿಕ್ ಗಂಡನನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಇಷ್ಟೇ. ಡಾಕ್ಟರಮ್ಮ ನನ್ನತ್ತ ನೋಡಿದರು, ನಾನು ಮಾತ್ರೆಯತ್ತ ನೋಡಿದೆ. ಆಪರೇಷನ್ ಕೋಣೆಯೊಳಗೆ ಮತ್ತೆ ಕಾಲಿಡಲು ನನ್ನಿಂದ ಸಾಧ್ಯವಿಲ್ಲ. ಮೊದಲೆರಡು ತಿಂಗಳು ವಾಕರಿಕೆ ಬರಬಹುದು, ನಡುನಡುವೆ ಕಲೆ ಕಾಣಬಹುದು, ಕೆಲವರಿಗೆ ಮನಸ್ಸು ಕೆಡುತ್ತದೆ, ಹಾಗೇನಾದರೂ ಆದರೆ ಬಂದು ಹೇಳಿ ಎಂದರು. ಅವರು ಬರೆದುಕೊಟ್ಟ ಪೆನ್ನಿನ ಮೇಲೆ ಮಾತ್ರೆ ಕಂಪನಿಯ ಹೆಸರಿತ್ತು. ಅದನ್ನು ನಾನು ಗಮನಿಸಿದೆ.

ಫೆಬ್ರವರಿ ೧೯, ಗುರುವಾರ

ಬೆಳಿಗ್ಗೆ ಎದ್ದರೆ ಬಾಯಲ್ಲಿ ತಗಡು ನೆಕ್ಕಿದ ರುಚಿ. ಬಸ್ಸಿನಲ್ಲಿ ಪಕ್ಕದವಳ ಸೆಂಟು ಮೂಗಿಗೆ ಬಡಿದು ಎರಡು ಸ್ಟಾಪು ಮೊದಲೇ ಇಳಿದೆ. ಎದೆಯೆಲ್ಲ ಭಾರ.

ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಅಕ್ಕನಿಗೆ ನಾವೆಲ್ಲ ರೇಡಿಯೋ ಎನ್ನುತ್ತೇವೆ. ಗಿರಾಕಿ ಇರಲಿ ಇಲ್ಲದಿರಲಿ, ಪ್ರಸಾರ ನಿಲ್ಲುವುದಿಲ್ಲ. ಹಿಂದಿನ ಕೋಣೆಯಲ್ಲಿ ಫ್ರೇಮಿನ ಅಳತೆಗೆ ಕನ್ನಡಕದ ಗಾಜು ಉಜ್ಜುವ ನನಗೆ ಬೇಡವೆಂದರೂ ಎಲ್ಲ ಕೇಳಿಸುತ್ತದೆ. ಇವತ್ತು ನನ್ನ ಮುಖ ನೋಡಿದ ಕೂಡಲೇ, "ಮಾತ್ರೆ ಶುರು ಮಾಡಿದ್ಯಾ? ನಮ್ಮ ಚಿಕ್ಕಮ್ಮನ ಮಗಳು ತಗೊಂಡು ಪೀಪಾಯಿ ಆದ್ಳು ಕಣೇ" ಎಂದಳು.

"ನಿಂಗ್ಯಾರು ಹೇಳಿದ್ದು?"

"ಮುಖಾನೇ ಹೇಳುತ್ತಲ್ಲ."

ಮುಖ ಹೇಳುವುದಿಲ್ಲ. ಯಾರೋ ಹೇಳಿದ್ದಾರೆ. ಮನೆಯಲ್ಲಿ ಇವರನ್ನೂ ಅತ್ತೆಯನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಮಾರ್ಚ್ ೪, ಬುಧವಾರ

ಇವತ್ತು ಒಬ್ಬ ಮುದುಕಪ್ಪನಿಗೆ ಕನ್ನಡಕ ಕೂರಿಸುವಾಗ ಅವರು, "ನೀನು ನನ್ನ ಮೊಮ್ಮಗಳ ಹಾಗಿದ್ದೀಯಮ್ಮ" ಎಂದರು. ಕಣ್ಣು ತುಂಬಿ ಮೂಗಿನ ಪ್ಯಾಡು ಸಿಕ್ಕಿಸುವುದಕ್ಕೇ ಆಗಲಿಲ್ಲ. ಒಳಗೆ ಹೋಗಿ ಗಾಜು ಉಜ್ಜುವ ಯಂತ್ರ ಖಾಲಿ ಓಡಿಸಿ ಅತ್ತುಬಿಟ್ಟೆ. ಅದರ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಅಳುವಂಥದ್ದು ಏನಿತ್ತು? ಮನೆಯಲ್ಲಿ ಏನೋ ಸರಿಯಿಲ್ಲ, ಅದು ನನ್ನ ಮೈಗೆ ಮೊದಲೇ ಗೊತ್ತಾಗುತ್ತಿದೆ ಅನ್ನಿಸುತ್ತದೆ.

ಮಾರ್ಚ್ ೧೨, ಗುರುವಾರ

ಇವರ ಉಗುರು ಚೊಕ್ಕವಾಗಿದೆ.

ಮದುವೆಯಾಗಿ ಒಂಬತ್ತು ವರ್ಷ. ಆ ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಹೋಗಿದ್ದಿಲ್ಲ. ಮದುವೆಯ ಫೋಟೋದಲ್ಲೂ ಕಪ್ಪಗೆ ಕಾಣುತ್ತದೆ. ಇವತ್ತು ಕೆಲಸದಿಂದ ತಡವಾಗಿ ಬಂದು ಊಟಕ್ಕೆ ಕೂತವರ ಕೈ ನೋಡುತ್ತೇನೆ, ಬ್ಯಾಂಕಿನ ಮ್ಯಾನೇಜರನ ಕೈ! ಮೈಯಿಂದ ನಮ್ಮ ಮನೆಯದಲ್ಲದ ಸೋಪಿನ ವಾಸನೆ.

"ಎಲ್ಲಿಗೆ ಹೋಗಿದ್ರಿ?"

"ಕೆಲಸಕ್ಕೆ. ಇನ್ನೆಲ್ಲಿಗೆ?"

"ಯಾವ ಬಿಲ್ಡಿಂಗು?"

ಅನ್ನ ಬಾಯಿಗಿಟ್ಟುಕೊಂಡು ಏನೋ ಗೊಣಗಿದರು. ಬೇಕೆಂದೇ ಬಾಯಿ ತುಂಬಿಸಿಕೊಂಡರು. ಅತ್ತೆ ಕೂಡಲೇ, "ತಿನ್ನೋಕಾದ್ರೂ ಬಿಡಮ್ಮ ಅವನನ್ನ" ಎಂದರು. ನಾನು ನೀರು ತರಲು ಅಡುಗೆಮನೆಗೆ ಹೋದಾಗ ಇಬ್ಬರೂ ಪಿಸುಗುಟ್ಟಿದರು. ನಾನು ಬಂದ ತಕ್ಷಣ ಅತ್ತೆ ಪುಟ್ಟಿಯ ಜುಟ್ಟು ಸರಿಮಾಡತೊಡಗಿದರು. ಆ ಜುಟ್ಟು ಸರಿಯಾಗಿಯೇ ಇತ್ತು.

ಮಾರ್ಚ್ ೨೦, ಶುಕ್ರವಾರ

ಇವರು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ಹೆಸರಿಲ್ಲದ ಒಂದು ನಂಬರು ಮೂರು ಕಡೆ ಇದೆ. ಒಮ್ಮೆ ಇವರು ಮಾಡಿದ್ದು, ಆಮೇಲೆ ಎರಡು ಸಲ ಅಲ್ಲಿಂದ ಬಂದಿದ್ದು. ಅಂಗಡಿಯ ಫೋನಿನಿಂದ ಆ ನಂಬರಿಗೆ ಮಾಡಿದೆ. ಹೆಂಗಸು. ದನಿ ಜೇನು ಸುರಿದ ಹಾಗೆ. "ಹಲೋ, ಹೇಳಿ?" ಎಂದಳು. ಇಟ್ಟುಬಿಟ್ಟೆ. ಆಮೇಲೆ ಉಜ್ಜಲು ಕೂತ ಗಾಜಿನ ಅಂಚು ಚಕ್ಕೆ ಎದ್ದುಹೋಯಿತು.

ಈಗ ಎಲ್ಲ ಜೋಡಿಸಿ ನೋಡಿದರೆ ಅರ್ಥವಾಗುತ್ತಿದೆ. ನನಗೆ ಮಾತ್ರೆ ನುಂಗಿಸಿ ಇವರು ಅಲ್ಲಿ ಕೈ ತೊಳೆದುಕೊಂಡು ಕೂರುತ್ತಾರೆ. ಅತ್ತೆಗೂ ಗೊತ್ತು. ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ಮಾರ್ಚ್ ೨೮, ಶನಿವಾರ

ಮಾತ್ರೆಯ ಹಾಳೆ ಮೂರು ದಿನದಿಂದ ಕಾಣುತ್ತಿಲ್ಲ. ಕನ್ನಡಿಯ ಹಿಂದೆ ಇಡುತ್ತಿದ್ದೆ. ಮನೆಯೆಲ್ಲ ಜಾಲಾಡಿದೆ. ಇವತ್ತು ತಾಳ್ಮೆ ಕೆಟ್ಟು ಕೇಳಿಯೇಬಿಟ್ಟೆ.

"ಅತ್ತೆ, ನನ್ನ ಮಾತ್ರೆ ನೀವು ತೆಗೆದ್ರಾ?"

"ಅಯ್ಯೋ, ಹೌದಲ್ಲ! ಪುಟ್ಟಿ ಅದನ್ನ ಬಾಯಿಗೆ ಹಾಕ್ಕೊಂಡು ಚೀಪ್ತಿದ್ಳು. ಕಿತ್ಕೊಂಡು ಬೀರು ಮೇಲಿಟ್ಟೆ. ಹೇಳೋಕೆ ಮರ್ತೇಹೋಯ್ತು ನೋಡು."

ಬೀರುವಿನ ಮೇಲೆಯೇ ಇತ್ತು. ತುದಿಯಲ್ಲಿ ಹಲ್ಲಿನ ಗುರುತೂ ಇತ್ತು. ಆದರೆ ಪುಟ್ಟಿಗೆ ಕನ್ನಡಿಯ ಹಿಂದೆ ಕೈ ಎಟಕುತ್ತದೆಯೇ? ದೊಡ್ಡ ಮಗನನ್ನು ಕರೆದು ಕೇಳಿದೆ. "ನಾನು ಬಾಚಣಿಗೆ ತಗೊಳ್ಳೋವಾಗ ಏನೋ ಬಿತ್ತು" ಎಂದ. ಏಳು ವರ್ಷದ ಮಗುವಿಗೆ ಉತ್ತರ ಹೇಳಿಕೊಡುವುದು ಕಷ್ಟವೇನಲ್ಲ.

"ನಿಮಗೆ ಇನ್ನೊಂದು ಮೊಮ್ಮಗು ಬೇಕಿದ್ರೆ ನೇರವಾಗಿ ಹೇಳಿ. ನಾನು ಸತ್ರೂ ಪರವಾಗಿಲ್ಲ ಅಂತಾನೂ ಹೇಳಿ" ಎಂದೆ.

ಅತ್ತೆಯ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಪುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದರು. ಒಳ್ಳೆಯ ನಾಟಕ.

ಏಪ್ರಿಲ್ ೬, ಸೋಮವಾರ

ಬರಬೇಕಾದ ಮುಟ್ಟು ಬಂದಿಲ್ಲ.

ಏಪ್ರಿಲ್ ೮, ಬುಧವಾರ

ಇವತ್ತೂ ಇಲ್ಲ. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಸಂಜೆ ಔಷಧಿ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತಂದೆ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನೋಡಿದರೆ ಒಂದೇ ಗೆರೆ, ಅಂದರೆ ಬಸುರಿಲ್ಲ. ಪಟ್ಟಿ ಹಳೆಯದಿರಬಹುದು. ಬೇರೆ ಅಂಗಡಿಗೆ ಹೋಗಿ ಇನ್ನೊಂದು ತಂದೆ. ಅದರಲ್ಲೂ ಒಂದೇ ಗೆರೆ. ಬಚ್ಚಲ ಕಲ್ಲಿನ ಮೇಲೆ ಹಾಗೆಯೇ ಕೂತುಬಿಟ್ಟೆ. ಹೊರಗಿನಿಂದ ಇವರು, "ಏನಾಯ್ತು? ಬಾಗಿಲು ತೆಗಿಯೇ" ಎಂದು ಬಡಿಯುತ್ತಿದ್ದರು. ದನಿಯಲ್ಲಿ ಹೆದರಿಕೆ ಇತ್ತು. ಯಾತರ ಹೆದರಿಕೆ, ನನ್ನದೋ ಅವಳದೋ?

ಏಪ್ರಿಲ್ ೯, ಗುರುವಾರ

ಡಾಕ್ಟರಮ್ಮ ಮತ್ತೊಮ್ಮೆ ಪರೀಕ್ಷೆ ಮಾಡಿ, ಬಸುರಿಲ್ಲ ಎಂದರು. ಮಾತ್ರೆ ತಪ್ಪಿಹೋದರೆ, ಚಿಂತೆ ಮಾಡಿದರೆ ಹೀಗೆ ಮುಂದಕ್ಕೆ ಹೋಗುವುದುಂಟಂತೆ. ಆಮೇಲೆ, "ಮನಸ್ಸು ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ."

"ಚೆನ್ನಾಗಿಲ್ಲ ಮೇಡಂ" ಎಂದರು ಇವರು. "ನಗೋದೇ ಬಿಟ್ಟಿದ್ದಾಳೆ. ಎದ್ರೆ ಕೂತ್ರೆ ಯಾಕೆ ಅಂತ ಕೇಳ್ತಾಳೆ. ನನ್ನ ಶರ್ಟು ಮೂಸಿ ನೋಡ್ತಾಳೆ."

ನನ್ನ ಮೈಯೆಲ್ಲ ಉರಿಯಿತು. ತಮ್ಮ ಗುಟ್ಟು ಮುಚ್ಚಿಕೊಳ್ಳಲು ನನಗೆ ಹುಚ್ಚು ಎಂದು ಹೇಳಿಸುವ ಹಂಚಿಕೆ ಇದು. ಡಾಕ್ಟರಮ್ಮ ಕನ್ನಡಕ ತೆಗೆದು, "ಕೆಲವರಿಗೆ ಈ ಮಾತ್ರೆ ಮನಸ್ಸಿಗೆ ಒಗ್ಗಲ್ಲ. ಎಲ್ಲರಿಗೂ ಹಾಗಾಗಲ್ಲ, ನಿಮಗೆ ಆಗಿರಬಹುದು. ನಿಲ್ಲಿಸಿ. ಹಾರ್ಮೋನ್ ಇಲ್ಲದ್ದು ಬೇಕಂದ್ರೆ ಕಾಪರ್-ಟಿ ಇದೆ. ಆದ್ರೆ ಮುಟ್ಟು ಜಾಸ್ತಿ ಹೋಗಬಹುದು, ನೋವೂ ಇರಬಹುದು. ನಿಧಾನವಾಗಿ ಯೋಚನೆ ಮಾಡಿ" ಎಂದರು.

ಇವರೂ ಅವರೂ ಮೊದಲೇ ಮಾತಾಡಿಕೊಂಡಿದ್ದರೋ ಏನೋ. ಆದರೆ ಅವರ ಕನ್ನಡಕದ ಒಂದು ಕಾಲು ಸಡಿಲಾಗಿತ್ತು. ಅಂಗಡಿಗೆ ಕಳಿಸಿ, ಬಿಗಿ ಮಾಡಿಕೊಡುತ್ತೇನೆ ಎಂದು ಬಾಯಿ ಜಾರಿ ಹೇಳಿಬಿಟ್ಟೆ.

ಏಪ್ರಿಲ್ ೨೪, ಶುಕ್ರವಾರ

ಮುಟ್ಟು ಬಂತು. ನಿನ್ನೆ ವಂಕಿ ಇಟ್ಟರು. ಹಲ್ಲು ಕಚ್ಚಿಕೊಂಡೆ. ಒಳಗೆ ಯಾರೋ ಚಿವುಟಿ ತಿರುಚಿದ ಹಾಗಾಯಿತು, ಬೇಗ ಮುಗಿಯಿತು. ನರ್ಸು ಕೈ ಹಿಡಿದುಕೊಂಡಿದ್ದಳು, ನನ್ನ ಉಗುರು ಅವಳ ಅಂಗೈಯಲ್ಲಿ ಮೂಡಿತ್ತು.

ಇವತ್ತು ಅಂಗಡಿಯಲ್ಲಿ ರೇಡಿಯೋ ಸುದ್ದಿ ಓದಿದಳು: "ವಂಕಿ ಮೇಲಕ್ಕೆ ಹತ್ತಿ ಎದೆಗೆ ಚುಚ್ಚಿಕೊಳ್ಳುತ್ತೆ ಕಣೇ." ಡಾಕ್ಟರಮ್ಮನ ಕನ್ನಡಕಕ್ಕೆ ಸ್ಕ್ರೂ ಹಾಕುತ್ತ, "ಅದಕ್ಕೇನು ಲಿಫ್ಟ್ ಇದ್ಯಾ?" ಎಂದೆ. ಅವಳಿಗೆ ನಗು ಬರಲಿಲ್ಲ. ಆದರೆ ಮಧ್ಯಾಹ್ನವೆಲ್ಲ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದೆ.

ಮೇ ೧೦, ಭಾನುವಾರ

ಬೆಳಿಗ್ಗೆ ಕಿಟಕಿಯ ಪರದೆಗಳನ್ನೆಲ್ಲ ಒಗೆದು ಹಾಕಿದೆವು. ಪುಟ್ಟಿ ಒದ್ದೆ ಪರದೆಯೊಳಗೆ ಸುತ್ತಿಕೊಂಡು ತಾನೇ ಕಳೆದುಹೋಗಿದ್ದೇನೆ ಎಂದು ಕಿರುಚಿದಳು. ದೊಡ್ಡವನೂ ಇವರೂ ಅವಳನ್ನು ಮನೆಯೆಲ್ಲ ಹುಡುಕಿದರು, ಸಾಬೂನಿನ ಡಬ್ಬಿಯೊಳಗೂ ಇಣುಕಿದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಇವರು ಹುಡುಕುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತರು.

"ಏನ್ರೀ?"

"ಏನಿಲ್ಲ."

ಮಾತ್ರೆ ಬಿಟ್ಟಿದ್ದರಿಂದ ಹೀಗೆ ಹಗುರವಾಗಿರುವುದು ಎಂದು ಡಾಕ್ಟರಮ್ಮ ಹೇಳುತ್ತಾರೆ. ಅದೆಲ್ಲ ಇರಲಾರದು. ಈಚೆಗೆ ಗಾಳಿ ಚೆನ್ನಾಗಿ ಬೀಸುತ್ತಿದೆ, ನಿದ್ದೆ ಬರುತ್ತಿದೆ, ಅಷ್ಟೆ. ಆ ನಂಬರಿನ ಹೆಂಗಸಿನ ವಿಷಯ ಇನ್ನೂ ಕೇಳಿಲ್ಲ. ಕೇಳಬೇಕು. ಈ ವಾರ ಮರೆತುಹೋಯಿತು.

ಮೇ ೨೬, ಮಂಗಳವಾರ

ವಂಕಿಯ ನಂತರದ ಮೊದಲ ಮುಟ್ಟು. ನಲ್ಲಿ ಬಿಟ್ಟ ಹಾಗೆ. ಅಂಗಡಿಯಲ್ಲಿ ಗಂಟೆಗೊಮ್ಮೆ ಎದ್ದು ಹೋಗಬೇಕಾಗುತ್ತದೆ. ಮಾಲೀಕರು ಗಡಿಯಾರ ನೋಡುತ್ತಾರೆ, ಕಾರಣ ಹೇಳುವ ಹಾಗಿಲ್ಲ. ಇಷ್ಟು ರಕ್ತ ಹೋಗುವುದು ಸರಿಯೇ? ಆವತ್ತಿನ ಹಾಗೆ ನಿಲ್ಲದೇ ಹೋದರೆ? ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ಆ ಕೋಣೆಯ ಬಿಳಿ ದೀಪ ಕಣ್ಣ ಮುಂದೆ ಬರುತ್ತದೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮೊದಲ ಕೆಲವು ಸಲ ಹೀಗಾಗುತ್ತದೆ, ಆಮೇಲೆ ಇಳಿಯುತ್ತದೆ, ತೀರಾ ಜಾಸ್ತಿ ಅನ್ನಿಸಿದರೆ ತಕ್ಷಣ ಬನ್ನಿ ಎಂದರು. ಎಷ್ಟಾದರೆ ತೀರಾ ಜಾಸ್ತಿ?

ಇವರು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಎರಡು ಸಲ.

ಜೂನ್ ೧೭, ಬುಧವಾರ

ಬರೆಯಲು ಕೈಯಲ್ಲಿ ಬಲವಿಲ್ಲ, ಆದರೂ ಬರೆಯಬೇಕು.

ಈ ಸಲದ ಮುಟ್ಟೂ ನಲ್ಲಿ ಬಿಟ್ಟ ಹಾಗೇ ಇದೆ. ಸಂಜೆ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ನಿಂತಿದ್ದೆ. ಯಂತ್ರದ ಸದ್ದು ದೂರ ದೂರ ಹೋಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ರೇಡಿಯೋ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಇವರು ಎಲ್ಲಿದ್ದರೋ ಓಡಿ ಬಂದರು. ಡಾಕ್ಟರಮ್ಮನ ಕ್ಲಿನಿಕ್ ಆ ಹೊತ್ತಿಗೆ ತೆರೆದಿರುವುದಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಬಾಗಿಲ ಹತ್ತಿರದ ಮೇಜಿನಲ್ಲಿ ಕೂತಿದ್ದವಳು ಇವರನ್ನು ನೋಡಿ ಮುಖ ಅರಳಿಸಿದಳು. "ಓ, ನೀವಾ! ಬನ್ನಿ ಸರ್ ಬನ್ನಿ. ಈ ಸಲ ಮನೆಯವರನ್ನೂ ಕರ್ಕೊಂಡು ಬಂದಿದ್ದೀರಲ್ಲ. ಇನ್ನು ಓಡಿಹೋಗೋ ಹಾಗಿಲ್ಲ!"

ಜೇನು ಸುರಿದ ಹಾಗೆ ದನಿ. ಅದೇ ದನಿ.

ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ ಗಾಲಿಕುರ್ಚಿ ತರಿಸಿದಳು. ಇವರು ಬೆವತು ಹೋಗಿದ್ದರು.

ರಕ್ತ ತೀರ ಕಡಿಮೆಯಾಗಿದೆಯಂತೆ. ವಂಕಿ ಜಾಗದಲ್ಲೇ ಇದೆ, ಎಲ್ಲಿಗೂ ಹತ್ತಿಲ್ಲ. ಕಬ್ಬಿಣದ ಮಾತ್ರೆ, ರಕ್ತಸ್ರಾವ ತಗ್ಗಿಸುವ ಮಾತ್ರೆ ಕೊಟ್ಟರು. ಬೇಕಾದರೆ ವಂಕಿ ಈಗಲೇ ತೆಗೆಯುತ್ತೇವೆ ಎಂದರು. ಬೇಡ ಎಂದೆ. ತೆಗೆಸಿದರೆ ಮುಂದೇನು?

ಜೂನ್ ೧೮, ಗುರುವಾರ

ಮಕ್ಕಳು ಮಲಗುವ ತನಕ ಕಾಯಲಿಲ್ಲ. ಮೆಟ್ಟಿಲ ಮೇಲೆ ಕರೆದು ಕೂರಿಸಿ ಕೇಳಿದೆ. ಎಲ್ಲ ಹೇಳಿದರು.

ಡಾಕ್ಟರಮ್ಮ ಹೇಳಿದ ಸಣ್ಣ ಆಪರೇಷನ್ನಿಗೆ ಮಾರ್ಚಿನಲ್ಲೇ ಆ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದರಂತೆ. ಚೊಕ್ಕವಾಗಿ ಬನ್ನಿ ಅಂದಿದ್ದಕ್ಕೆ ಕೈಯನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಹೊಸ ಸೋಪು ಕೊಂಡು, ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಹೋಗಿದ್ದರಂತೆ. ಹಸಿರು ಅಂಗಿ ಹಾಕಿಕೊಳ್ಳಿ ಅಂದ ತಕ್ಷಣ ಹಿಂದಿನ ಬಾಗಿಲಿನಿಂದ ಹೊರಗೆ. ಇನ್ನೊಮ್ಮೆ ಹೋಗಿದ್ದಾಗ ಬೆಂಚಿನ ತನಕ ಮಾತ್ರ.

"ನಂಗೆ ಯಾಕೆ ಹೇಳ್ಲಿಲ್ಲ?"

"ಮಾಡಿಸ್ಕೊಂಡು ಬಂದ್ಮೇಲೆ ಹೇಳೋಣ ಅಂತಿದ್ದೆ. ಮಾಡಿಸ್ಕೊಳ್ಳೋಕೇ ಆಗ್ಲಿಲ್ಲ. ಇನ್ನು ಏನಂತ ಹೇಳ್ಲಿ? ಹೋಗಿ ಓಡಿಬಂದೆ ಅಂತಾನಾ?"

"ಅಷ್ಟೆತ್ತರದಲ್ಲಿ ಹಗ್ಗಕ್ಕೆ ನೇತಾಡ್ತೀರಿ. ಇದಕ್ಕೆ ಹೆದರಿಕೆನಾ?"

"ಅಲ್ಲಿ ನಾನು ಕೆಲಸ ಮಾಡ್ತೀನಿ ಕಣೇ. ಇಲ್ಲಿ ನನ್ನ ಮೇಲೆ ಕೆಲಸ ಮಾಡ್ತಾರೆ."

"ನನ್ನ ಮೇಲೆ?" ಎಂದೆ. "ನನ್ನ ಮೇಲೆ ಎಷ್ಟು ಜನ, ಎಷ್ಟು ಸಲ ಕೆಲಸ ಮಾಡಿದ್ದಾರೆ ನೋಡಿದ್ದೀರಾ? ನಾನು ಯಾವ ಹಿಂದಿನ ಬಾಗಿಲಿಂದ ಓಡಿಹೋಗ್ಲಿ?"

ಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದರು. "ಅವನದೊಂದೇ ತಪ್ಪಲ್ಲಮ್ಮ. ನಾನೇ ಬೇಡ ಅಂದಿದ್ದು. ಎತ್ತರದಲ್ಲಿ ಕೆಲಸ ಮಾಡೋನು. ಸುಸ್ತಾಗಿ ಕೈ ಜಾರಿದ್ರೆ ಏನು ಗತಿ ಅಂತ."

"ನಾನು ನೆಲದ ಮೇಲೆ ನಿಂತಿದ್ದೋಳೇ ಬಿದ್ದೆನಲ್ಲ ಅತ್ತೆ."

ನಾನಂದುಕೊಂಡದ್ದು ಸುಳ್ಳಾಯಿತು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೇರೆ ಹೆಂಗಸಿದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತೇನೋ. ಹೆದರಿಕೆಯ ಜೊತೆ ಹೇಗೆ ಜಗಳವಾಡುವುದು? ಪಿಸುಮಾತು ಇದ್ದದ್ದು ನಿಜ, ಮುಚ್ಚಿಟ್ಟದ್ದು ನಿಜ. ನನ್ನ ಮೂಗು ಪೂರ್ತಿ ತಪ್ಪಿರಲಿಲ್ಲ.

ಜೂನ್ ೨೩, ಮಂಗಳವಾರ

ಇವರ ಜೊತೆ ಮಾತಿಲ್ಲ. ಬೇಕಾದದ್ದನ್ನು ದೊಡ್ಡವನ ಮೂಲಕ ಹೇಳಿಸುತ್ತೇನೆ. "ಅಪ್ಪಾ, ಗ್ಯಾಸ್ ಮುಗಿದಿದೆಯಂತೆ, ಅಮ್ಮ ಹೇಳಿದ್ಲು, ಆದರೆ ಅಮ್ಮ ಹೇಳಿದ್ಲು ಅಂತ ಹೇಳಬಾರದಂತೆ" ಎಂದು ಅವನು ವರದಿ ಒಪ್ಪಿಸುತ್ತಾನೆ.

ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡಿದರೆ ಅತ್ತೆ ನನ್ನ ಕಲೆಯಾದ ಹಾಸಿಗೆ ಬಟ್ಟೆಯನ್ನು ತಣ್ಣೀರಿನಲ್ಲಿ ಉಜ್ಜುತ್ತಿದ್ದರು. "ಬಿಡಿ ಅತ್ತೆ, ನಾನು ಮಾಡ್ತೀನಿ" ಎಂದರೆ ಕೇಳಲಿಲ್ಲ. "ಬಿಸಿನೀರು ಹಾಕಿದ್ರೆ ಕಲೆ ಕೂತ್ಕೊಳ್ಳುತ್ತೆ. ನಂಗೆ ಇದರ ಅಭ್ಯಾಸ ಇದೆ" ಎಂದರು. ಅಭ್ಯಾಸ ಹೇಗೆ ಎಂದು ಕೇಳಿದೆ. ಇವರಲ್ಲದೆ ಅವರಿಗೆ ಇನ್ನೂ ಐದು ಹೆರಿಗೆ ಆಗಿತ್ತಂತೆ, ಒಂದು ಮಗುವೂ ಉಳಿಯಲಿಲ್ಲವಂತೆ. ನನಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಕ್ಕಿಲ್ಲ. ಬಟ್ಟೆ ಹಿಂಡುತ್ತಾ, ಇನ್ಯಾರದೋ ವಿಷಯ ಎನ್ನುವ ಹಾಗೆ ಹೇಳಿದರು.

ನನ್ನ ಮನಸ್ಸು ಕರಗಿಸಲು ಹೀಗೆ ಮಾಡುತ್ತಿದ್ದಾರೆಯೇ? ಇದ್ದರೂ ಇರಬಹುದು. ಆದರೆ ಕಲೆ ಚೆನ್ನಾಗಿ ಹೋಗಿತ್ತು. ಇಬ್ಬರೂ ಎರಡು ತುದಿ ಹಿಡಿದು ಒಣಹಾಕಿದೆವು.

ಜುಲೈ ೨, ಗುರುವಾರ

ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತಾ ಇವರು ತಾವಾಗಿಯೇ ಹೇಳಿದರು. "ಮುಂದಿನ ಗುರುವಾರಕ್ಕೆ ಹೆಸರು ಬರೆಸಿದ್ದೀನಿ. ನೀನೂ ಬಾ."

"ನಾನ್ಯಾಕೆ? ಹಿಂದಿನ ಬಾಗಿಲು ಕಾಯೋಕಾ?"

"ಹೂಂ."

ಅಷ್ಟು ನೇರವಾಗಿ ಒಪ್ಪಿಕೊಂಡಾಗ ನಾನು ಇನ್ನೊಂದು ಶೂ ತಂದು ಮುಂದಿಟ್ಟೆ. ಅತ್ತೆ ಒಳಗಿನಿಂದ, "ಹೋಗಿ ಬಾರೋ. ವಾರ ರಜೆ ಹಾಕು, ಎತ್ತರಕ್ಕೆ ಹತ್ತಬೇಡ" ಎಂದು ಕೂಗಿ ಹೇಳಿದರು.

ಹೋಗುತ್ತಾರೆಂದು ನನಗೆ ನಂಬಿಕೆಯಿಲ್ಲ. ಬುಧವಾರ ಯಾವುದಾದರೊಂದು ಲಿಫ್ಟು ಕೆಟ್ಟುಕೊಳ್ಳುತ್ತದೆ, ನೋಡುತ್ತಿರಿ.

ಜುಲೈ ೯, ಗುರುವಾರ

ಬುಧವಾರ ಕೆಡಲಿಲ್ಲ, ಗುರುವಾರ ಕೆಟ್ಟಿತು! ಅದೂ ಆ ಆಸ್ಪತ್ರೆಯದೇ ಲಿಫ್ಟು. ನಾವು ಹೋದಾಗ ಎರಡು ಮಹಡಿಗಳ ಮಧ್ಯೆ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಇವರ ಮುಖದಲ್ಲಿ ಆ ಕಳೆ ನೋಡಬೇಕಿತ್ತು. ಜೈಲಿನ ಬಾಗಿಲು ತೆರೆದದ್ದು ಕಂಡ ಕೈದಿಯ ಹಾಗೆ. ಆಗಲೇ ಶರ್ಟಿನ ತೋಳು ಮಡಚಿ, "ಒಂದು ನಿಮಿಷ, ಇದು ಬಾಗಿಲ ಸ್ವಿಚ್ಚಿನ ತೊಂದರೆ, ನೋಡೇಬಿಡ್ತೀನಿ" ಎಂದು ಹೊರಟರು.

ಶರ್ಟಿನ ಹಿಂಬದಿ ಹಿಡಿದುಕೊಂಡೆ. "ರೀ, ಅದು ಬೇರೆಯವರ ಲಿಫ್ಟು. ಅದನ್ನ ನೋಡ್ಕೊಳ್ಳೋಕೆ ಬೇರೆ ಜನ ಇದ್ದಾರೆ. ಮೆಟ್ಟಿಲು ಹತ್ತಿ."

ಹತ್ತಿದರು. ತಿರುವಿನಲ್ಲಿ ನಿಂತು ಕೈ ಚಾಚಿದರು, ಹಿಡಿದುಕೊಂಡೆ. ಅಂಗೈ ಒದ್ದೆಯಾಗಿತ್ತು. "ನಿಂಗೆ ಪುಟ್ಟಿ ಹುಟ್ಟಿದ ದಿನ," ಎಂದು ಶುರು ಮಾಡಿದರು, "ನಾನು ಆ ಸಹಿ ಹಾಕ್ದಾಗ ಪೆನ್ನು ಹಿಡಿಯೋಕಾಗ್ಲಿಲ್ಲ. ನರ್ಸು ನನ್ನ ಕೈ ಹಿಡಿದು ಬರೆಸಿದ್ರು. ಅವತ್ತಿಂದ ಹಸಿರು ಅಂಗಿ ಕಂಡ್ರೆ ನಂಗೆ ಕಾಲು ನಿಲ್ಲಲ್ಲ."

ಆ ದಿನ ನಾನೊಬ್ಬಳೇ ಆ ಕೋಣೆಯಲ್ಲಿದ್ದೆ ಎಂದುಕೊಂಡಿದ್ದೆ.

ಮೇಜಿನವಳು ಈ ಸಲ ತಮಾಷೆ ಮಾಡಲಿಲ್ಲ, ಸುಮ್ಮನೆ ಎದ್ದು ಬಾಗಿಲು ತೆರೆದು ಹಿಡಿದಳು. ನಾನು ಬೆಂಚಿನ ಮೇಲೆ ಕೂತೆ. ಹಿಂದಿನ ಬಾಗಿಲ ಕಡೆ ಕಣ್ಣು ಹೋಗುತ್ತಲೇ ಇತ್ತು. ಒಂದು ಸಲ ಎದ್ದು ಹೋಗಿ ನೋಡಿಯೂ ಬಂದೆ. ಯಾರೂ ಇರಲಿಲ್ಲ. ಹೊರಗೆ ಬಂದವರು ಕಾಲು ಅಗಲಿಸಿ ಬಾತುಕೋಳಿಯ ಹಾಗೆ ನಡೆಯುತ್ತಾ, "ಇಷ್ಟೇನಾ!" ಎಂದರು. ಆ ಮಾತು ಕೇಳಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸುವ ಬದಲು ಅತ್ತುಬಿಟ್ಟೆ. ಯಂತ್ರ ಓಡಿಸದೆ, ಎಲ್ಲರ ಎದುರು.

ಡಾಕ್ಟರು ಹೇಳಿದ್ದು: ಇವತ್ತಿನಿಂದಲೇ ನಿಶ್ಚಿಂತೆ ಎಂದುಕೊಳ್ಳಬೇಡಿ. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ, ಪೂರ್ತಿ ಸರಿಯಾಗಿದೆ ಎಂದು ತಿಳಿದ ನಂತರವೇ ಬೇರೆಯದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ವಂಕಿ ಇರಲಿ.

ಜುಲೈ ೧೨, ಭಾನುವಾರ

ಯುದ್ಧ ಗೆದ್ದು ಬಂದವರ ಹಾಗೆ ಮಲಗಿದ್ದಾರೆ. ಅತ್ತೆ ದಿಂಬಿನ ಮೇಲೆ ದಿಂಬು ಇಟ್ಟು, ತಣ್ಣನೆ ಬಟ್ಟೆ ಬದಲಾಯಿಸಿ, ಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತಾರೆ. "ನಾನು ವಂಕಿ ಇಡಿಸಿಕೊಂಡ ಮಾರನೇ ದಿನವೇ ಅಂಗಡಿಗೆ ಹೋಗಿದ್ದೆ, ಯಾರಿಗಾದ್ರೂ ನೆನಪಿದ್ಯಾ?" ಎಂದು ಗೋಡೆಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಒಂದು ದಿಂಬು ತಂದು ನನ್ನ ಬೆನ್ನ ಹಿಂದೆ ಇಟ್ಟರು. ದಿಂಬು ಬೆಚ್ಚಗಿತ್ತು. ಇವರ ತಲೆಯಡಿಯಿಂದಲೇ ಎಳೆದು ತಂದಿದ್ದರು.

ಆಗಸ್ಟ್ ೨೧, ಶುಕ್ರವಾರ

ರಕ್ತ ಏರಿದೆ. ಮುಟ್ಟೂ ಮುಂಚಿನಷ್ಟಿಲ್ಲ. ಡಾಕ್ಟರಮ್ಮ, "ವಂಕಿ ಈಗ ಒಗ್ಗಿಕೊಳ್ತಾ ಇದೆ. ಬೇಕಿದ್ರೆ ಹಾಗೇ ಇಟ್ಕೋಬಹುದು, ಬೇಡವಾದ್ರೆ ಅವರ ಪರೀಕ್ಷೆ ಆದ್ಮೇಲೆ ತೆಗೆಯೋಣ. ನಿಮ್ಮಿಷ್ಟ" ಎಂದರು. ಎಲ್ಲದಕ್ಕೂ ನಿಮ್ಮಿಷ್ಟ ಎನ್ನುತ್ತಾರೆ. ಮೊದಲು ಅದು ಕೈ ತೊಳೆದುಕೊಳ್ಳುವ ಮಾತು ಅನ್ನಿಸುತ್ತಿತ್ತು.

ತೆಗೆಸುತ್ತೇನೆ. ನನ್ನ ಮೈಯಲ್ಲಿ ಸ್ವಲ್ಪ ದಿನ ನಾನೊಬ್ಬಳೇ ಇರಬೇಕು.

ಸೆಪ್ಟೆಂಬರ್ ೧೩, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ದೊಡ್ಡವನ ಮುಂದಿನ ಹಲ್ಲು ಬಿತ್ತು. ಇವರ ಉಗುರು ಮತ್ತೆ ಕಪ್ಪಗಾಗಿದೆ. ಅನ್ನದ ತಟ್ಟೆಗೆ ಅದೇ ಕೈ ಹಾಕುತ್ತಾರೆ, ಬೈದೆ.

ಅಕ್ಟೋಬರ್ ೧೩, ಮಂಗಳವಾರ

ಅಂಗಡಿಯಲ್ಲಿ ಒಂದು ದಪ್ಪ ಗಾಜು ಕೂರಿಸುತ್ತಿದ್ದೆ, ಇವರ ಫೋನು ಬಂತು.

"ಪರೀಕ್ಷೆ ಆಯ್ತು ಕಣೇ. ಏನೂ ಕಾಣ್ಲಿಲ್ಲವಂತೆ. ಪೂರ್ತಿ ಸರಿಯಾಗಿದೆ ಅಂದ್ರು."

"ಸರಿ. ಬರ್ತಾ ಪುಟ್ಟಿಗೆ ಚಪ್ಪಲಿ ತಗೊಂಡು ಬನ್ನಿ, ಹಳೇದು ಕಚ್ಚುತ್ತಂತೆ."

ಫೋನಿಟ್ಟು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಮಾಡಿದೆ. ವಂಕಿ ತೆಗೆಸಲು ಗುರುವಾರ ಬನ್ನಿ ಎಂದರು. ಮತ್ತೆ ಗಾಜು ಕೈಗೆತ್ತಿಕೊಂಡೆ.

ಹೊರಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ರೇಡಿಯೋ ಒಳಗೆ ಬಂದಳು. "ಏನೇ, ಫೋನಲ್ಲಿ ಹೇಳಿದ್ರು ಅಂತ ತೆಗೆಸಿಬಿಡ್ತೀಯಾ? ರಿಪೋರ್ಟು ಕಣ್ಣಾರೆ ನೋಡಿದ್ಯಾ? ಅವರು ಪರೀಕ್ಷೆಗೆ ಹೋಗಿದ್ರು ಅಂತಾದ್ರೂ ಹೇಗೆ ಗೊತ್ತು ನಿಂಗೆ?"

"ಅವರೇ ಹೇಳಿದ್ರಲ್ಲ" ಎಂದೆ.

ಅವಳು ತಲೆ ಚಚ್ಚಿಕೊಂಡು ಕೌಂಟರಿಗೆ ಹೋದಳು. ಒಳ್ಳೆಯವಳೇ, ಆದರೆ ಕೆಲವರ ಸ್ವಭಾವವೇ ಹಾಗೆ, ಯಾರನ್ನೂ ನಂಬುವುದಿಲ್ಲ. ಮನೆಯಲ್ಲಿ ಅವಳ ಜೊತೆ ಹೇಗೆ ಬಾಳುತ್ತಾರೋ, ಪಾಪ.